ನಿಘಂಟು ತೆಗೆಯುವ ಮೊದಲು: ಗೊತ್ತಿಲ್ಲದ ಪದದ ಅರ್ಥ ಹಿಡಿಯುವುದು ಹೇಗೆ?

ಕನ್ನಡ ಚೆನ್ನಾಗಿ ಓದಲು ಬರುವವರಿಗೂ ಕನ್ನಡದಲ್ಲೇ ಗೊತ್ತಿಲ್ಲದ ಪದ ಎದುರಾಗುತ್ತದೆ. ಬೆಂಗಳೂರಲ್ಲಿ ಬೆಳೆದವರು ಧಾರವಾಡದ ಕಡೆಯ ಕಥೆ ಹಿಡಿದರೆ ಮೊದಲ ಪುಟದಲ್ಲೇ ಮೂರು ನಾಲ್ಕು ಪದ ಅಡ್ಡ ಬರುತ್ತವೆ. ಕಲಬುರಗಿಯವರು ಮಲೆನಾಡಿನ ಕಾದಂಬರಿ ಓದುವಾಗಲೂ ಅದೇ ಪಾಡು. ತಾಲ್ಲೂಕು ಕಚೇರಿಯ ಕಾಗದ ಕೈಗೆ ಬಂದರೆ ಇಬ್ಬರೂ ಒಂದೇ ದೋಣಿಯಲ್ಲಿ!

ಆಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಪದವನ್ನು ಹಾರಿಸಿ ಮುಂದೆ ಹೋಗುತ್ತಾರೆ. ಇಲ್ಲವೇ ಪ್ರತಿ ಪದಕ್ಕೂ ಮೊಬೈಲ್ ತೆಗೆದು ಹುಡುಕುತ್ತಾರೆ, ಹತ್ತು ನಿಮಿಷದಲ್ಲಿ ಕಥೆಯ ಎಳೆ ತಪ್ಪಿ ಪುಸ್ತಕ ಮುಚ್ಚುತ್ತಾರೆ. ನಡುವೆ ಇನ್ನೊಂದು ದಾರಿ ಇದೆ. ಅಕ್ಕಪಕ್ಕದ ಮಾತಿನಿಂದ ಅರ್ಥ ಊಹಿಸುವುದು.

ಈ ವಿಷಯದ ಬಗ್ಗೆ ಸಿಗುವ ಸಲಹೆ ಬಹುಪಾಲು ಇಂಗ್ಲಿಷ್ ಓದಿಗೆ ಹೊಂದುವಂಥದ್ದು. ಕನ್ನಡಕ್ಕೆ ಅದು ಅರ್ಧ ಮಾತ್ರ ಸರಿಹೋಗುತ್ತದೆ. ನಮ್ಮ ಭಾಷೆಯಲ್ಲಿ ಸುಳಿವು ಹೆಚ್ಚಾಗಿ ಇರುವುದು ಬಾಲದಲ್ಲಿ. ಪದದ ಬಾಲದಲ್ಲಿ, ವಾಕ್ಯದ ಬಾಲದಲ್ಲಿ. ಅದನ್ನು ನೋಡುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದ ಹಾಗೆ. ಹೇಗೆ ಅಂತ ಒಂದೊಂದಾಗಿ ನೋಡೋಣ. ಕೆಳಗಿನ ಉದಾಹರಣೆಯ ಸಾಲುಗಳೆಲ್ಲ ಈ ಬರಹಕ್ಕೆಂದೇ ಬರೆದವು.

ಹೆಜ್ಜೆ 1: ಬಾಯಿಬಿಟ್ಟು ಓದಿ

ಇದು ಎಲ್ಲಕ್ಕಿಂತ ಸುಲಭ, ಆದರೆ ಹೆಚ್ಚಿನವರು ಮಾಡುವುದಿಲ್ಲ. ಕಥೆಯಲ್ಲಿ ಕಾಣುವ ಎಷ್ಟೋ 'ಹೊಸ' ಪದಗಳು ನಿಮಗೆ ಗೊತ್ತಿರುವ ಪದಗಳೇ. ಬೇರೆ ಊರಿನ ಉಚ್ಚಾರದಲ್ಲಿ ಬರೆದಿರುತ್ತಾರೆ ಅಷ್ಟೇ. ಕಣ್ಣಿಗೆ ಗುರುತು ಸಿಗದ್ದು ಕಿವಿಗೆ ಸಿಗುತ್ತದೆ.

ಉತ್ತರ ಕರ್ನಾಟಕದ ಬರಹಗಳಲ್ಲಿ ಪದದ ಕೊನೆಯ 'ಎ' ಸಾಮಾನ್ಯವಾಗಿ 'ಇ' ಆಗುತ್ತದೆ. ಮನೆ ಮನಿ ಆಗುತ್ತದೆ, ಎಲೆ ಎಲಿ ಆಗುತ್ತದೆ. ಪದದ ಮೊದಲ 'ಏ' ಅನೇಕ ಕಡೆ 'ಯಾ' ಆಗುತ್ತದೆ: ಬೇಡ ಬ್ಯಾಡ, ಬೇಳೆ ಬ್ಯಾಳಿ. 'ಓ' ಇದ್ದದ್ದು 'ವಾ' ಆಗುತ್ತದೆ: ಕೋಣ ಕ್ವಾಣ, ತೋಳ ತ್ವಾಳ. ಈ ಮೂರನ್ನು ನೆನಪಿಟ್ಟುಕೊಂಡರೆ 'ಕ್ವಾಣ' ಕಂಡಾಗ ಕಕ್ಕಾಬಿಕ್ಕಿಯಾಗುವುದಿಲ್ಲ. ಮೈಸೂರು ಕಡೆಯ ಹಳ್ಳಿ ಮಾತಿನಲ್ಲಿ ಮೊದಲ 'ಹ' ಬಿದ್ದುಹೋಗುತ್ತದೆ. ಹಾಲು ಆಲು ಆಗುತ್ತದೆ, ಹೊಲ ವಲ ಆಗುತ್ತದೆ.

ಹಳಗನ್ನಡಕ್ಕೂ ಒಂದು ಕೀಲಿ ಇದೆ. ಅಲ್ಲಿನ 'ಪ' ಇಂದಿನ 'ಹ'. ಪಾಲು ಅಂದರೆ ಹಾಲು, ಪೂ ಅಂದರೆ ಹೂ, ಪೋಗು ಅಂದರೆ ಹೋಗು, ಪಲವು ಅಂದರೆ ಹಲವು. ಶಾಸನದ ಸಾಲನ್ನೋ ಹಳೆಯ ಕಾವ್ಯದ ಸಾಲನ್ನೋ ನೋಡಿ ಹೆದರುವವರು, ಪದದ ಮೊದಲ 'ಪ'ಕಾರ ತೆಗೆದು 'ಹ' ಹಾಕಿ ಓದಿ ನೋಡಿ. ಎಲ್ಲ ಕಡೆ ನಡೆಯುವುದಿಲ್ಲ. ಆದರೆ ನಡೆದ ಕಡೆ ಬಾಗಿಲು ತಾನಾಗಿ ತೆರೆಯುತ್ತದೆ.

ಹೆಜ್ಜೆ 2: ಪದದ ಹತ್ತಿರ ನಿಲ್ಲಬೇಡಿ, ವಾಕ್ಯದ ಕೊನೆಗೆ ಹೋಗಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು, ಯಾರು ಮಾಡಿದರು ಅನ್ನುವುದು ಅಲ್ಲಿವರೆಗೆ ಗೊತ್ತಾಗುವುದಿಲ್ಲ. ಹಾಗಿರುವಾಗ ವಾಕ್ಯದ ಎರಡನೇ ಪದದಲ್ಲೇ ನಿಂತು 'ಇದೇನಪ್ಪಾ' ಅಂತ ತಲೆ ಕೆಡಿಸಿಕೊಂಡರೆ ಪ್ರಯೋಜನವಿಲ್ಲ. ಸುಳಿವು ಇನ್ನೂ ಬಂದೇ ಇಲ್ಲ!

ಗೊತ್ತಿಲ್ಲದ ಪದದ ಜಾಗದಲ್ಲಿ ಮನಸ್ಸಿನಲ್ಲೇ 'ಏನೋ ಒಂದು' ಅಂತ ಹಾಕಿಕೊಂಡು ಮುಂದೆ ಓದಿ. ವಾಕ್ಯ ಮುಗಿಸಿ. ಆಮೇಲಿನ ಎರಡು ವಾಕ್ಯವನ್ನೂ ಓದಿ. ಕಥೆ ಬರೆಯುವವರು ಒಂದು ವಸ್ತುವನ್ನು ತಂದ ಮೇಲೆ ಅದನ್ನು ಏನಾದರೂ ಮಾಡಿಸುತ್ತಾರೆ. ಹೊರಿಸುತ್ತಾರೆ, ಮುರಿಸುತ್ತಾರೆ, ತಿನ್ನಿಸುತ್ತಾರೆ. ಅದು ಸಾಮಾನ್ಯವಾಗಿ ಮುಂದಿನ ಸಾಲಿನಲ್ಲೇ ಇರುತ್ತದೆ.

ಹೆಜ್ಜೆ 3: ಪದದ ಬಾಲ ನೋಡಿ, ಬಗೆ ಗುರುತಿಸಿ

ಈಗ ಹಿಂದಕ್ಕೆ ಬನ್ನಿ. ಅರ್ಥ ಹುಡುಕಬೇಡಿ. ಮೊದಲು ಬಗೆ ಹುಡುಕಿ. ಇದು ಮನುಷ್ಯನೋ, ವಸ್ತುವೋ, ಜಾಗವೋ, ಕೆಲಸವೋ, ಗುಣವೋ? ಇದಕ್ಕೆ ಉತ್ತರ ಬಹಳ ಸಲ ಪದದ ಮೈಯಲ್ಲೇ ಇರುತ್ತದೆ, ನಾವು ನೋಡುವುದಿಲ್ಲ ಅಷ್ಟೇ.

'ಹರಿಕಾರನಿಗೆ ಓಲೆ ಕೊಟ್ಟು ಕಳಿಸಿದರು' ಅನ್ನುವ ಸಾಲು ತೆಗೆದುಕೊಳ್ಳಿ. 'ಹರಿಕಾರ' ಅಂದರೆ ಏನು ಅಂತ ಗೊತ್ತಿಲ್ಲ ಅಂದುಕೊಳ್ಳಿ. 'ನಿಗೆ' ಅಂತ ಬಂದಿದೆ, 'ಕ್ಕೆ' ಅಂತ ಅಲ್ಲ. ಮರಕ್ಕೆ, ಊರಿಗೆ, ಆದರೆ ರಾಮನಿಗೆ. ಹಾಗಾದರೆ ಇವನು ಮನುಷ್ಯ, ಅದೂ ಗಂಡಸು. 'ಕಾರ' ಅಂತ ಮುಗಿದಿದೆ, ಅಂದರೆ ಯಾವುದೋ ಕೆಲಸದವನು. ಕೈಗೆ ಓಲೆ ಕೊಟ್ಟು ಕಳಿಸಿದ್ದಾರೆ. ಓಲೆ ಒಯ್ಯುವವನು! ಒಂದು ವಾಕ್ಯದಲ್ಲಿ ಮೂರು ಸುಳಿವು, ಅದರಲ್ಲಿ ಎರಡು ಪದದೊಳಗೇ ಇದ್ದವು.

ಹಾಗೆಯೇ ಬಹುವಚನ. 'ರು' ಬಂದರೆ ಜನ, 'ಗಳು' ಬಂದರೆ ಹೆಚ್ಚಾಗಿ ವಸ್ತು, ಪ್ರಾಣಿ. ಗುರುಗಳು, ಸಾಕ್ಷಿಗಳು ಅಂತ ಜನರಿಗೂ 'ಗಳು' ಬರುತ್ತದೆ ನಿಜ. ಅದಕ್ಕೇ ಕ್ರಿಯಾಪದವನ್ನೂ ನೋಡಿ. 'ಬಂದರು' ಅಂದರೆ ಜನ, 'ಬಂದವು' ಅಂದರೆ ಜನ ಅಲ್ಲ. ಇಷ್ಟು ಖಚಿತವಾದ ಸುಳಿವು ಇಂಗ್ಲಿಷ್ ಓದುವವರಿಗೆ ಸಿಗುವುದೇ ಇಲ್ಲ, ನಮಗೆ ಪುಕ್ಕಟೆ ಸಿಗುತ್ತದೆ.

ಪದದ ತುದಿಗೆ ಅಂಟುವ ಇನ್ನೊಂದಿಷ್ಟನ್ನು ಗಮನಿಸಿ. ಗಾರ, ಇಗ ಬಂದರೆ ಕೆಲಸದವನು (ಬಳೆಗಾರ, ಗಾಣಿಗ). ತನ, ಇಕೆ ಬಂದರೆ ಗುಣ ಅಥವಾ ಸ್ಥಿತಿ. ಗುಳಿ, ಕೋರ, ಗೇಡಿ ಬಂದರೆ ಯಾರನ್ನೋ ಬೈಯುತ್ತಿದ್ದಾರೆ ಅಂತ ತಿಳಿಯಿರಿ: ಲಂಚಗುಳಿ, ಜಗಳಕೋರ, ಮಾನಗೇಡಿ. ಕೊನೆಗೆ 'ನೆ' ಬಂದರೆ ಕೆಲಸ ನಡೆದ ರೀತಿ: ಗಕ್ಕನೆ, ತಟ್ಟನೆ, ಮೆಲ್ಲನೆ. ಅಂಥ ಪದಗಳನ್ನು ಹುಡುಕಲೇಬೇಡಿ. ಸದ್ದಿನಲ್ಲೇ ಅರ್ಥ ಇರುತ್ತದೆ.

ಹೆಜ್ಜೆ 4: ಅದು ಏನು ಮಾಡುತ್ತಿದೆ, ಅದನ್ನು ಏನು ಮಾಡುತ್ತಿದ್ದಾರೆ?

ಬಗೆ ಗೊತ್ತಾಯಿತು. ಈಗ ಸುತ್ತಲಿನ ಕ್ರಿಯಾಪದಗಳನ್ನು ಕೂಡಿಸಿ. ಮಲೆನಾಡಿನ ಒಂದು ತುಣುಕು ನೋಡೋಣ.

*ಮಳೆ ಹಿಡಿದು ವಾರವಾಗಿತ್ತು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಶಾಲೆಗೆ ಹೊರಟ ಮಕ್ಕಳು ಸಂಕದ ಹತ್ತಿರ ಬಂದು ನಿಂತರು. ಪಾಚಿ ಕಟ್ಟಿ ಜಾರುತ್ತಿತ್ತು. ಅಣ್ಣ ತಂಗಿಯ ಕೈ ಹಿಡಿದು, ಒಂದೊಂದೇ ಹೆಜ್ಜೆ ಇಡಿಸಿ ಆಚೆ ದಡ ಮುಟ್ಟಿಸಿದ. ಅಷ್ಟರಲ್ಲಿ ಅವಳ ಕೊಪ್ಪೆ ಗಾಳಿಗೆ ಕಿತ್ತುಕೊಂಡು ನೀರಿಗೆ ಬಿತ್ತು. ಮನೆಯಿಂದ ಇಲ್ಲಿವರೆಗೆ ಒಣಗಿದ್ದ ತಲೆ ಒಂದೇ ಗಳಿಗೆಯಲ್ಲಿ ಒದ್ದೆಯಾಯಿತು.*

'ಸಂಕದ' ಅಂತಿದೆ, 'ಸಂಕನ' ಅಂತಿಲ್ಲ. ಹಾಗಾಗಿ ಮನುಷ್ಯ ಅಲ್ಲ. ಅದರ ಹತ್ತಿರ ನಿಲ್ಲಬಹುದು, ಅಂದರೆ ಒಂದು ಜಾಗದಲ್ಲಿ ಗಟ್ಟಿಯಾಗಿ ಇರುವಂಥದ್ದು. ಪಾಚಿ ಕಟ್ಟುತ್ತದೆ, ಜಾರುತ್ತದೆ, ಅದರ ಮೇಲೆ ಹೆಜ್ಜೆ ಇಡುತ್ತಾರೆ. ಹಳ್ಳ ತುಂಬಿದೆ, ಆದರೂ ಆಚೆ ದಡ ಸೇರಿದರು. ಕೈ ಹಿಡಿದು ದಾಟಿಸಬೇಕಾಯಿತು ಅಂದರೆ ಅಗಲ ಕಮ್ಮಿ. ಕಿರಿದಾದ ಸೇತುವೆ ಅನ್ನುವವರೆಗೆ ಯಾರೂ ಬರಬಹುದು. ಮರದ ದಿಮ್ಮಿ ಅಥವಾ ಅಡಕೆ ಮರ ಅಡ್ಡ ಹಾಕಿ ಮಾಡಿದ ಕಾಲುದಾರಿ ಅದು. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ 'ಕಾಲುಸಂಕ' ಅಂತ ಬರುವುದೂ ಇದೇ.

'ಕೊಪ್ಪೆ' ಇನ್ನೂ ಸುಲಭ. ಗಾಳಿಗೆ ಹಾರುವಷ್ಟು ಹಗುರ. ಅದು ಹೋದ ಕೂಡಲೇ ತಲೆ ಒದ್ದೆಯಾಯಿತು. ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವಂಥದ್ದು. ಬಟ್ಟೆಯದೋ, ಕಂಬಳಿಯದೋ, ಪ್ಲಾಸ್ಟಿಕ್ಕಿನದೋ? ಈ ತುಣುಕು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಕಥೆ ಮುಂದೆ ಓಡಲು ಇಷ್ಟು ಸಾಕು. ಊಹೆಯ ಕೆಲಸ ಪೂರ್ತಿ ಅರ್ಥ ಕೊಡುವುದಲ್ಲ, ಓದು ನಿಲ್ಲದ ಹಾಗೆ ನೋಡಿಕೊಳ್ಳುವುದು.

ಇನ್ನೊಂದು ತುಣುಕು, ಈ ಸಲ ಬಯಲುಸೀಮೆಯದು.

*ಆ ವರ್ಷ ಜೋಳ ಅಗದಿ ಚಲೋ ಬಂದಿತ್ತು. ಮನೆ ಮುಂದಿನ ಹಗೇವಿನ ಬಾಯಿ ತೆರೆದು ಕಾವು ಹೋಗಲಿ ಅಂತ ಒಂದು ದಿನ ಬಿಟ್ಟರು. ಮರುದಿನ ತಳಕ್ಕೆ ಹೊಟ್ಟು ಹಾಸಿ ಚೀಲಗಟ್ಟಲೆ ಕಾಳು ಸುರಿದರು. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿದರು. 'ಇನ್ನ ಬರ ಬಂದರೂ ಚಿಂತಿಲ್ಲ' ಅಂದಳು ಅಜ್ಜಿ.*

ಮೊದಲು 'ಅಗದಿ'. ಅದನ್ನು ತೆಗೆದು ಓದಿ: 'ಜೋಳ ಚಲೋ ಬಂದಿತ್ತು'. ವಾಕ್ಯ ಕೆಡಲಿಲ್ಲ, ತೂಕ ಮಾತ್ರ ಇಳಿಯಿತು. ಹಾಗಾದರೆ ಅದು 'ಬಹಳ' ಅನ್ನುವ ಜಾಗದ ಪದ. ಹೀಗೆ ತೆಗೆದು ನೋಡುವುದೂ ಒಳ್ಳೆಯ ಪರೀಕ್ಷೆ.

ಈಗ 'ಹಗೇವು'. ಅದಕ್ಕೆ ಬಾಯಿ ಇದೆ, ತಳ ಇದೆ, ಒಳಗೆ ಕಾವು ಇರುತ್ತದೆ. ಚೀಲಗಟ್ಟಲೆ ಕಾಳು ಹಿಡಿಯುತ್ತದೆ. ಇಲ್ಲಿವರೆಗೆ ದೊಡ್ಡ ಮಣ್ಣಿನ ಗಡಿಗೆ ಅಂತಲೋ ಕಣಜ ಅಂತಲೋ ಅನ್ನಿಸಬಹುದು. ಆದರೆ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದಾರೆ. ಮನೆ ಮುಂದೆ ಇದೆ, ಮನೆಯೊಳಗೆ ಅಲ್ಲ. ನೆಲದೊಳಗಿನ ಗುಂಡಿ! ಮೊದಲ ಊಹೆಯನ್ನು ಮುಂದಿನ ಸಾಲು ತಿದ್ದಿತು ನೋಡಿ. ತಿದ್ದಿಸಿಕೊಳ್ಳಲು ಒಪ್ಪದವರಿಗೆ ಈ ವಿದ್ಯೆ ಒಲಿಯುವುದಿಲ್ಲ. ಮೊದಲು ಬಂದ ಅರ್ಥಕ್ಕೇ ಅಂಟಿಕೊಂಡು, ಮುಂದಿನ ಸಾಲುಗಳನ್ನು ಅದಕ್ಕೆ ಬಗ್ಗಿಸುವವರೇ ಜಾಸ್ತಿ.

ಹೆಜ್ಜೆ 5: ಬರೆದವರೇ ಬಿಟ್ಟ ಗುರುತುಗಳು

ಕೆಲವು ಸಣ್ಣ ಪದಗಳು ಕಂಡರೆ ಖುಷಿಪಡಿ. ಬರೆದವರು ಅಲ್ಲಿ ಅರ್ಥವನ್ನು ಕೈಗೇ ಕೊಡುತ್ತಿರುತ್ತಾರೆ.

'ಎಂಬ' ಅವುಗಳಲ್ಲಿ ದೊಡ್ಡದು. 'ಚಗತೆ ಎಂಬ ಸೊಪ್ಪು' ಅಂದ ಮೇಲೆ ಇನ್ನೇನು ಬೇಕು? 'ಅಂದರೆ', 'ಎಂದು ಕರೆಯುವ' ಇವೂ ಹಾಗೆಯೇ. 'ಮುಂತಾದ' ಬಂದರೆ ಅದರ ಮುಂದಿನ ಪದ ನೋಡಿ: 'ರಂಟೆ, ಕುಂಟೆ, ಕೂರಿಗೆ ಮುಂತಾದ ಬೇಸಾಯದ ಸಾಮಾನು'. ಮೂರರಲ್ಲಿ ಒಂದೂ ಗೊತ್ತಿಲ್ಲದಿದ್ದರೂ ಮೂರೂ ಯಾವ ಗುಂಪಿನವು ಅಂತ ಗೊತ್ತಾಯಿತು.

ಎದುರುಬದುರು ನಿಲ್ಲಿಸುವ ಮಾತುಗಳು ಇನ್ನೊಂದು ಬಗೆ. ಆದರೆ, ಬದಲು, ಹಾಗಲ್ಲ, ಮಾತ್ರ, ಹೊರತು. 'ಎರೆ ಹೊಲದಲ್ಲಿ ಮಳೆ ಬಿದ್ದರೆ ಕಾಲಿಡುವ ಹಾಗಿಲ್ಲ, ಕೆಸರು ಅಂಟಿ ಕಾಲೇ ಮೇಲೇಳುವುದಿಲ್ಲ. ಮಸಾರಿಯಲ್ಲಿ ಹಾಗಲ್ಲ, ಮಳೆ ನಿಂತ ಮೇಲೆ ನಡೆದು ಹೋಗಬಹುದು.' ಎರೆ, ಮಸಾರಿ ಎರಡೂ ಮಣ್ಣಿನ ಬಗೆ, ಒಂದು ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ. ಎರೆ ಕಪ್ಪು, ಮಸಾರಿ ಕೆಂಪು ಅನ್ನುವುದನ್ನು ಮಾತ್ರ ಈ ಸಾಲು ಹೇಳಲಿಲ್ಲ. ಅದು ಇನ್ನೆಲ್ಲೋ ಸಿಗುತ್ತದೆ.

ಆಮೇಲೆ ನಮ್ಮ ಜೋಡುಪದಗಳು. ಕನ್ನಡಕ್ಕೆ ಜೋಡಿಯಲ್ಲಿ ಮಾತಾಡುವ ಚಟ ಇದೆ: ದನಕರು, ಕಾಡುಮೇಡು, ಬಂಧುಬಳಗ, ಬಟ್ಟೆಬರೆ, ಕೂಲಿನಾಲಿ, ಆಸ್ತಿಪಾಸ್ತಿ. ಜೋಡಿಯಲ್ಲಿ ಒಂದು ಗೊತ್ತಿದ್ದರೆ ಇನ್ನೊಂದು ಅದರ ನೆಂಟ. 'ಬಟ್ಟೆಬರೆ'ಯ 'ಬರೆ' ಏನು ಅಂತ ಹುಡುಕುತ್ತಾ ಕೂತರೆ ಚರ್ಮದ ಮೇಲಿನ ಬರೆಗೆ ಹೋಗಿ ಮುಟ್ಟುತ್ತೀರಿ. ಸುಮ್ನೆ ಮುಂದೆ ಹೋಗಿ.

ಹೆಜ್ಜೆ 6: ಉದ್ದನೆಯ ಪದ ಬಂದರೆ ಒಡೆಯಿರಿ

ಒಡೆಯಲು ಒಂದು ಸೂತ್ರ ಇದೆ. ಶಾಲೆಯಲ್ಲಿ ಆದೇಶ ಸಂಧಿ ಅಂತ ಪರೀಕ್ಷೆಗೆ ಓದಿ ಮರೆತಿರುತ್ತೇವೆ. ಎರಡು ಪದ ಕೂಡಿದಾಗ ಎರಡನೆಯ ಪದದ ಮೊದಲಿನ ಕ, ತ, ಪ ಬದಲಾಗಿ ಗ, ದ, ಬ ಬರುತ್ತವೆ. ಓದುವಾಗ ಇದನ್ನೇ ತಿರುಗಿಸಿ. ಪದದ ನಡುವೆ ಗ, ದ, ಬ ಕಂಡು ಅರ್ಥವಾಗದಿದ್ದರೆ ಕ, ತ, ಪ ಹಾಕಿ ನೋಡಿ. ಮಳೆಗಾಲ ಅಂದರೆ ಮಳೆ, ಕಾಲ. ಬೆಟ್ಟದಾವರೆ ಅಂದರೆ ಬೆಟ್ಟ, ತಾವರೆ. ಹುಲಿದೊಗಲು ಅಂದರೆ ಹುಲಿ, ತೊಗಲು.

'ಕಂಬನಿ' ಇದರಲ್ಲಿ ನನಗೆ ಬಹಳ ಇಷ್ಟವಾದದ್ದು. ಕಣ್ ಮತ್ತು ಬನಿ. ಬನಿಯ 'ಬ' ತೆಗೆದು 'ಪ' ಹಾಕಿದರೆ ಪನಿ. ಮೊದಲ ಹೆಜ್ಜೆಯಲ್ಲಿ ಹೇಳಿದ ಹಾಗೆ 'ಪ' ತೆಗೆದು 'ಹ' ಹಾಕಿದರೆ ಹನಿ. ಕಣ್ಣಿನ ಹನಿ!

ಹಿರಿದು ಅನ್ನುವುದು ಪದದ ಮುಂದೆ ಬಂದಾಗ 'ಹೆ' ಆಗಿ ಮುಂದಿನ ಅಕ್ಷರಕ್ಕೆ ಒತ್ತು ಕೊಡುತ್ತದೆ: ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ. ಹೆದ್ದಾರಿ ದಿನವೂ ಬಳಸುವ ಪದ. ಅದರ ಜಾಡು ಹಿಡಿದರೆ 'ಹೆದ್ದೊರೆ' ಕಂಡಾಗ ದೊಡ್ಡ ತೊರೆ, ದೊಡ್ಡ ನದಿ ಅಂತ ಹೊಳೆಯುತ್ತದೆ.

ಆದರೆ ಒಡೆದ ತುಂಡುಗಳನ್ನು ಕೂಡಿಸಿದರೆ ಯಾವಾಗಲೂ ಅರ್ಥ ಬರುವುದಿಲ್ಲ. 'ನೀರ್ಗುದುರೆ' ನೀರು, ಕುದುರೆ. ಅದು ನೀರಲ್ಲಿರುವ ದೊಡ್ಡ ಪ್ರಾಣಿ, ಸರಿ. 'ಬಿಸಿಲ್ಗುದುರೆ'? ಬಿಸಿಲು, ಕುದುರೆ. ಕುದುರೆಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ಮರೀಚಿಕೆ. 'ದೂರಕ್ಕೆ ನೀರು ಹರಿದ ಹಾಗೆ ಕಂಡಿತು, ಹತ್ತಿರ ಹೋದರೆ ಬರೀ ಬಿಸಿಲ್ಗುದುರೆ' ಅನ್ನುವ ಪೂರ್ತಿ ಸಾಲು ಸಿಕ್ಕರೆ ಮಾತ್ರ ಹಿಡಿಯಬಹುದು.

ಪತ್ರಿಕೆಯಲ್ಲಿ ಬರುವ 'ಸುಗ್ರೀವಾಜ್ಞೆ'ಯೂ ಅಂಥದ್ದೇ. ಒಡೆದರೆ ಸುಗ್ರೀವನ ಆಜ್ಞೆ. ರಾಮಾಯಣಕ್ಕೆ ಹೋಗಿ ನಿಂತೆವು. ಸುದ್ದಿಯಲ್ಲಿ ಅದು ಹೇಗೆ ಬರುತ್ತದೆ ನೋಡಿ: 'ಅಧಿವೇಶನ ನಡೆಯದ ಕಾರಣ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿದೆ. ರಾಜ್ಯಪಾಲರು ಅಂಕಿತ ಹಾಕಿದ್ದಾರೆ. ಮುಂದಿನ ಅಧಿವೇಶನದಲ್ಲಿ ಮಸೂದೆ ಮಂಡಿಸಲಾಗುವುದು.' ಅಧಿವೇಶನ ಇಲ್ಲದಾಗ ಹೊರಡಿಸುವುದು, ಆಮೇಲೆ ಮಸೂದೆಯಾಗಿ ಬರುವುದು. ಶಾಸನಸಭೆ ಸೇರುವ ಮೊದಲೇ ತರುವ ತಾತ್ಕಾಲಿಕ ಕಾನೂನು ಅಂತ ಸುತ್ತಲಿನ ಮಾತೇ ಹೇಳುತ್ತಿದೆ. ಸಂವಿಧಾನದ 213ನೇ ವಿಧಿ ರಾಜ್ಯಪಾಲರಿಗೆ ಕೊಟ್ಟಿರುವ ಅಧಿಕಾರ ಇದು. ಪಕ್ಕದಲ್ಲೇ 'ಅಂಕಿತ'ವೂ ಬಿಡಿಸಿಕೊಂಡಿತು: ಹಾಕುವಂಥದ್ದು, ಒಪ್ಪಿಗೆಗೆ. ಅಂದರೆ ಸಹಿ.

ನನ್ನ ಲೆಕ್ಕದಲ್ಲಿ ಒಡೆಯುವುದು ಯಾವಾಗಲೂ ಎರಡನೆಯ ಸಾಕ್ಷಿ. ಮೊದಲನೆಯದು ಸುತ್ತಲಿನ ಮಾತು. ಎರಡೂ ಜಗಳವಾಡಿದರೆ ಸುತ್ತಲಿನ ಮಾತನ್ನೇ ನಂಬಿ.

ಹೆಜ್ಜೆ 7: ಹಾಕಿ ನೋಡಿ

ಊಹಿಸಿದ ಅರ್ಥವನ್ನು ಆ ಪದದ ಜಾಗದಲ್ಲಿ ಇಟ್ಟು, ವಾಕ್ಯವನ್ನು ಪೂರ್ತಿ ಓದಿ. ಅದೇ ವಿಭಕ್ತಿ ಹಚ್ಚಿ ಓದಬೇಕು. 'ಸೇತುವೆಯ ಹತ್ತಿರ ಬಂದು ನಿಂತರು' ಸರಿಹೋಯಿತು. ಅದೇ ಪದ ಮುಂದಿನ ಪುಟದಲ್ಲಿ ಮತ್ತೆ ಬಂದಾಗ ಅಲ್ಲೂ ಹಾಕಿ. ಎರಡು ಕಡೆ ಸರಿಹೋದರೆ ಊಹೆ ಗಟ್ಟಿ. ಒಂದು ಕಡೆ ತೊಡರಿದರೆ ಬಿಟ್ಟುಬಿಡಿ, ಹೊಸದಾಗಿ ನೋಡಿ.

ಪುಸ್ತಕ ನಿಮ್ಮದೇ ಆಗಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ಊಹೆ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ. ಗಟ್ಟಿಯಾದ ಮೇಲೆ ಪ್ರಶ್ನಾರ್ಥಕ ಅಳಿಸಿ. ಬರೆಯದೆ ಬಿಟ್ಟ ಊಹೆ ಮೂರು ಪುಟದಲ್ಲಿ ಮರೆತುಹೋಗುತ್ತದೆ.

ಗೊತ್ತಿದೆ ಅಂದುಕೊಂಡ ಪದಗಳ ಕಾಟ

ಗೊತ್ತಿಲ್ಲದ ಪದ ಅಷ್ಟು ಅಪಾಯದ್ದಲ್ಲ. ಗೊತ್ತಿಲ್ಲ ಅಂತಾದರೂ ಗೊತ್ತಿರುತ್ತದೆ. ಗೊತ್ತಿದೆ ಅಂದುಕೊಂಡ ಪದವೇ ಗುಂಡಿಗೆ ಬೀಳಿಸುವುದು.

ಮೈಸೂರಿನವರಿಗೆ 'ತಿಂಡಿ' ಅಂದರೆ ಇಡ್ಲಿ, ದೋಸೆ. ಉತ್ತರ ಕರ್ನಾಟಕದಲ್ಲಿ ತಿಂಡಿ ಅಂದರೆ ತುರಿಕೆ. ಅಲ್ಲಿ ಬೆಳಗಿನದು ನಾಷ್ಟಾ. ಕಥೆಯಲ್ಲಿ ಒಬ್ಬ ಸಿಟ್ಟಿನಿಂದ 'ನಿನಗ ತಿಂಡಿ ಭಾಳ ಆಗೇದ' ಅಂದರೆ ಊಟೋಪಚಾರದ ಮಾತಲ್ಲ! ಉತ್ತರ ಕನ್ನಡದ ಹವ್ಯಕರ ಮನೆಯಲ್ಲಿ 'ಆಸರಿಗೆ ಏನು ಬೇಕು' ಅಂತ ಕೇಳಿದರೆ ಆಸರೆ ಕೊಡುತ್ತಿಲ್ಲ, ಕುಡಿಯಲು ಏನು ಕೊಡಲಿ ಅಂತ ಕೇಳುತ್ತಿದ್ದಾರೆ. ಹಳಗನ್ನಡದಲ್ಲಿ 'ಬಟ್ಟೆ' ಅಂದರೆ ದಾರಿ, 'ತಿಂಗಳು' ಅಂದರೆ ಚಂದ್ರ. ಮೂರನೇ ಹೆಜ್ಜೆಯ 'ಹರಿಕಾರ' ಇವತ್ತಿನ ಪತ್ರಿಕೆಯಲ್ಲಿ ಬಂದರೆ ಓಲೆ ಒಯ್ಯುವವನಲ್ಲ, ಹೊಸ ಕೆಲಸ ಮೊದಲು ಶುರುಮಾಡಿದವನು.

ಇದನ್ನು ಹಿಡಿಯುವುದು ಹೇಗೆ? ಒಂದೇ ಗುರುತು: ಎಲ್ಲ ಪದ ಗೊತ್ತಿದ್ದೂ ವಾಕ್ಯ ತಲೆಬುಡ ಇಲ್ಲದ ಹಾಗೆ ಕಾಣುವುದು. 'ಬಟ್ಟೆ ತಪ್ಪಿ ಕಾಡು ಸೇರಿದ' ಅಂತ ಓದಿ ಮುಖ ಗಂಟಿಕ್ಕಿತಾ? ಹಾಗಾದರೆ ಅತ್ಯಂತ ಸುಲಭವಾಗಿ ಕಂಡ ಪದವನ್ನೇ ಅನುಮಾನಿಸಿ. ಅದನ್ನು ಗೊತ್ತಿಲ್ಲದ ಪದ ಅಂತ ಭಾವಿಸಿ ಮೊದಲಿನಿಂದ ಹೆಜ್ಜೆ ಹಾಕಿ.

ಸುತ್ತಲಿನ ಮಾತೇ ದಾರಿ ತಪ್ಪಿಸುವುದೂ ಉಂಟು. ಅಮೆರಿಕದ ಓದಿನ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಜೊತೆಯವರು 1983ರಲ್ಲಿ ಇಂಥ ಸಂದರ್ಭಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ನೇರ ಅರ್ಥಕ್ಕೆ ಒಯ್ಯುವವು, ಒಂದಿಷ್ಟು ಹೇಳುವವು, ಏನೂ ಹೇಳದವು, ತಪ್ಪು ಕಡೆಗೆ ತಿರುಗಿಸುವವು. 'ಎಲ್ಲರೂ ನಗುತ್ತಿದ್ದರು, ಅವನು ಮಾತ್ರ ಖಿನ್ನನಾಗಿ ಕೂತಿದ್ದ' ಮೊದಲ ಬಗೆ. 'ಮೂಲೆಯಲ್ಲಿ ಒಂದು ಮೊರ ಇತ್ತು' ಮೂರನೆಯದು, ಅದರಿಂದ ಏನೂ ಹೊರಡುವುದಿಲ್ಲ. ಏನೂ ಹೇಳದ ಸಾಲಿನಿಂದ ಅರ್ಥ ಹಿಂಡಲು ಹೋಗಬೇಡಿ. ಆ ಪದ ಮತ್ತೆ ಬರುವವರೆಗೆ ಕಾಯಿರಿ, ಇಲ್ಲ ನಿಘಂಟು ನೋಡಿ.

ಇನ್ನೊಂದು ಮಿತಿಯೂ ಇದೆ. ಸುತ್ತಲಿನ ಪದಗಳು ಗೊತ್ತಿದ್ದರೆ ತಾನೇ ಸುಳಿವು? ನ್ಯೂಜಿಲೆಂಡಿನ ಭಾಷಾ ಸಂಶೋಧಕ ಪಾಲ್ ನೇಷನ್ ಮತ್ತು ಅವರ ಜೊತೆಗಾರರು 2000ರಲ್ಲಿ ಇಂಗ್ಲಿಷ್ ಕಲಿಯುವವರ ಮೇಲೆ ನಡೆಸಿದ ಅಧ್ಯಯನದಲ್ಲಿ, ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಕಂಡುಬಂತು. ಅಂದರೆ ಐವತ್ತು ಪದಕ್ಕೆ ಒಂದು ಹೊಸದು. 80ಕ್ಕೆ ಇಳಿದಾಗ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಕನ್ನಡದಲ್ಲಿ ಒಂದೇ ಪದಕ್ಕೆ ನಾಲ್ಕು ಪ್ರತ್ಯಯ ಅಂಟುವುದರಿಂದ ಈ ಲೆಕ್ಕವನ್ನು ಹಾಗೇ ತಂದು ಕೂರಿಸಲು ಬರುವುದಿಲ್ಲ. ಆದರೂ ಸಾಲಿಗೆ ಎರಡು ಮೂರು ಪದ ತಡೆಯುತ್ತಿದ್ದರೆ ಅದು ಊಹೆಯ ಕೆಲಸ ಅಲ್ಲ. ಸ್ವಲ್ಪ ಸುಲಭದ ಪುಸ್ತಕ ಹಿಡಿಯಿರಿ, ಅಥವಾ ಟಿಪ್ಪಣಿ ಇರುವ ಆವೃತ್ತಿ ತನ್ನಿ.

ಊಹೆ ನಿಲ್ಲಿಸಬೇಕಾದ ಕಡೆ

ಕಥೆಯಲ್ಲಿ ಊಹೆ ತಪ್ಪಿದರೆ ನಷ್ಟ ಏನೂ ಇಲ್ಲ. ಜಮೀನಿನ ಕಾಗದದಲ್ಲಿ ತಪ್ಪಿದರೆ ಜಮೀನೇ ಹೋಗಬಹುದು.

ಪಹಣಿ, ಕ್ರಯಪತ್ರ ಓದುವಾಗ ಸುಳಿವು ಚೆನ್ನಾಗಿಯೇ ಸಿಗುತ್ತದೆ. 'ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇದೇ ನಂಬರಿನ ಉಳಿದ ಜಮೀನು, ದಕ್ಷಿಣಕ್ಕೆ ಓಣಿ' ಅಂತ ಇದ್ದರೆ ಚಕ್ಕುಬಂದಿ ಅಂದರೆ ನಾಲ್ಕು ಕಡೆಯ ಗಡಿ ಅಂತ ಯಾರಿಗೂ ಗೊತ್ತಾಗುತ್ತದೆ. ಹಳೆಯ ಪತ್ರಗಳಲ್ಲಿ ಮೂಡಲು, ಪಡುವಲು, ಬಡಗಲು, ತೆಂಕಲು ಅಂತ ಇರುತ್ತದೆ. ಎದುರಿಗೆ ನಿಮಗೆ ಗೊತ್ತಿರುವ ರಸ್ತೆ, ಹಳ್ಳ ಬರೆದಿದ್ದರೆ ದಿಕ್ಕು ತಾನಾಗಿ ಬಿಡಿಸಿಕೊಳ್ಳುತ್ತದೆ. ತರಿ, ಖುಷ್ಕಿ, ಬಾಗಾಯ್ತು ಅಂದರೆ ನೀರಾವರಿ ಗದ್ದೆ, ಮಳೆಯಾಶ್ರಿತ ಹೊಲ, ತೋಟ. ಪಕ್ಕದ ಬೆಳೆಯ ಹೆಸರು ನೋಡಿದರೆ ಇವೂ ಸಿಗುತ್ತವೆ.

ಆದರೆ 'ಖರಾಬು' ನೋಡಿ. 'ಒಟ್ಟು 2 ಎಕರೆ 10 ಗುಂಟೆ, ಅದರಲ್ಲಿ ಖರಾಬು 5 ಗುಂಟೆ.' 40 ಗುಂಟೆಗೆ ಒಂದು ಎಕರೆ. ಹಾಗಾಗಿ 90ರಲ್ಲಿ 5 ಕಳೆದು 85 ಗುಂಟೆ ಅಂತ ಲೆಕ್ಕ ಸಿಗುತ್ತದೆ. ಖರಾಬು ಅಂದರೆ ಕೆಟ್ಟದ್ದು, ಬೆಳೆ ಬಾರದ ನೆಲ ಅಂತ ಊಹೆಯೂ ಬರುತ್ತದೆ. ಅರ್ಧ ಸರಿ. 'ಅ' ಖರಾಬು ಸಾಗುವಳಿಗೆ ಬಾರದ ನೆಲ. 'ಬ' ಖರಾಬು ರಸ್ತೆ, ಹಳ್ಳ, ಕಾಲುದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದನ್ನು ಮಾರಲು ಬರುವುದಿಲ್ಲ. ಈ ವ್ಯತ್ಯಾಸ ಒಂದು ಅಕ್ಷರದಲ್ಲಿದೆ. ಸುತ್ತಲಿನ ಎಷ್ಟು ಸಾಲು ಓದಿದರೂ ಸಿಗುವುದಿಲ್ಲ. ಇಂಥ ಕಡೆ ಊಹೆಯನ್ನು ಪ್ರಶ್ನೆ ಕೇಳಲಿಕ್ಕೆ ಮಾತ್ರ ಬಳಸಿ. 'ಇಲ್ಲಿ ಖರಾಬು ಅಂತಿದೆಯಲ್ಲ ಸಾರ್, ಅ ನಾ ಬ ನಾ?' ಅಂತ ಗೊತ್ತಿರುವವರನ್ನು ಕೇಳಿ. ಔಷಧಿ ಚೀಟಿ, ಸಾಲದ ಕರಾರು, ಕೋರ್ಟಿನ ನೋಟಿಸಿಗೂ ಇದೇ ಮಾತು.

ಆಮೇಲೆ ನಿಘಂಟು

ಓದಿನ ನಡುವೆ ಬೇಡ. ಅಧ್ಯಾಯ ಮುಗಿದ ಮೇಲೆ, ಅಂಚಿನಲ್ಲಿ ಪ್ರಶ್ನಾರ್ಥಕ ಉಳಿದ ಪದಗಳನ್ನು ಮಾತ್ರ ನೋಡಿ. ಮೊದಲೇ ಊಹಿಸಿದ ಪದದ ಅರ್ಥ ನಿಘಂಟಿನಲ್ಲಿ ಕಂಡಾಗ ತಲೆಯಲ್ಲಿ ಉಳಿಯುತ್ತದೆ. ಸುಮ್ನೆ ಹುಡುಕಿದ್ದು ಮರುದಿನಕ್ಕೆ ಮರೆತಿರುತ್ತದೆ.

ಹುಡುಕುವಾಗ ಪ್ರತ್ಯಯ ಕಳಚಿ. 'ಹಗೇವಿನ' ಸಿಗುವುದಿಲ್ಲ, 'ಹಗೇವು' ನೋಡಿ. ಅದೂ ಸಿಗದಿದ್ದರೆ 'ಹಗೆ' ನೋಡಿ. ಅಲ್ಲಿ ವೈರಿ ಅನ್ನುವ ಅರ್ಥವೂ ಇರುತ್ತದೆ, ಅದನ್ನು ತೆಗೆದುಕೊಂಡು ಬರಬೇಡಿ. ನಿಘಂಟಿನ ನಾಲ್ಕೈದು ಅರ್ಥದಲ್ಲಿ ಯಾವುದು ಬೇಕು ಅಂತ ಹೇಳುವುದು ಮತ್ತೆ ನಿಮ್ಮ ಊಹೆಯೇ.

ಮೊಬೈಲಿನಲ್ಲಿ ನೋಡುವವರಿಗೆ ವಿ. ಕೃಷ್ಣ ಅವರ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' ಉಚಿತವಾಗಿ ಸಿಗುತ್ತದೆ. ಹಳೆಯ ಪದಗಳಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇವತ್ತಿಗೂ ಕೈಬಿಡುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಮನೆಯಲ್ಲಿಟ್ಟುಕೊಳ್ಳಲು ಭಾರ. ಗ್ರಂಥಾಲಯಕ್ಕೆ ಹೋದಾಗ ನೋಡಿ.

ಮಕ್ಕಳಿಗೆ ಹೇಳಿಕೊಡುವಾಗ

ಪಠ್ಯಪುಸ್ತಕದಲ್ಲಿ ಪಾಠದ ಕೊನೆಗೆ 'ಪದಗಳ ಅರ್ಥ' ಕೊಟ್ಟಿರುತ್ತಾರೆ. ಮಕ್ಕಳು ಮೊದಲು ಅಲ್ಲಿಗೇ ಹೋಗುತ್ತಾರೆ, ಬಾಯಿಪಾಠ ಮಾಡುತ್ತಾರೆ. ಮೊದಲ ಸಲ ಪಾಠ ಓದುವಾಗ ಆ ಪಟ್ಟಿಯ ಮೇಲೆ ಒಂದು ಕಾಗದ ಮುಚ್ಚಿಡಿ. 'ಇದರ ಅರ್ಥ ಏನು?' ಅಂತ ಕೇಳಬೇಡಿ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. 'ಇದು ತಿನ್ನುವುದಾ, ಉಡುವುದಾ, ಇರುವ ಜಾಗವಾ?' ಅಂತ ಕೇಳಿ. 'ಅದನ್ನ ಏನು ಮಾಡಿದರು?' ಅಂತ ಕೇಳಿ. ಉತ್ತರ ಬಂದೇ ಬರುತ್ತದೆ. ತಪ್ಪಾದರೂ ಪರವಾಗಿಲ್ಲ, ಯಾವ ಪದ ನೋಡಿ ಹಾಗನ್ನಿಸಿತು ಅಂತ ತೋರಿಸಲು ಹೇಳಿ. ಆಮೇಲೆ ಕಾಗದ ತೆಗೆದು ಇಬ್ಬರೂ ಹೋಲಿಸಿ ನೋಡಿ.

ನೀವೇ ಒಂದು ಬಿಡಿಸಿ

*ಕೊಯ್ಲಿನ ದಿನ ಬೆಳಗಾಗುವ ಮೊದಲೇ ಕೊನೆಗೌಡ ಬಂದ. ಕಾಲಿಗೆ ತಳೆ ಸಿಕ್ಕಿಸಿಕೊಂಡು ಸರಸರನೆ ಅಡಕೆ ಮರ ಹತ್ತಿದ. ಅವನು ಕಡಿದು ಹಗ್ಗದ ಮೇಲೆ ಜಾರಿಬಿಟ್ಟದ್ದನ್ನು ಕೆಳಗೆ ನಿಂತವನು ಹಿಡಿದ. ಸಂಜೆಯಿಂದ ಸುಲಿತ, ಆಮೇಲೆ ಹಂಡೆಯಲ್ಲಿ ಬೇಯಿಸುವುದು. ಬೆಂದ ಮೇಲೆ ಉಳಿದ ಕೆಂಪು ನೀರನ್ನು ಅಮ್ಮ ಚೆಲ್ಲಗೊಡಲಿಲ್ಲ. 'ಚೊಗರು ಇರಲಿ, ನಾಳಿನ ಹಂಡೆಗೆ ಬಣ್ಣ ಬರಬೇಕಲ್ಲ' ಅಂದಳು.*

ಕೊನೆಗೌಡ, ತಳೆ, ಚೊಗರು. ಕೆಳಗೆ ಓದುವ ಮೊದಲು ಮೂರಕ್ಕೂ ನಿಮ್ಮ ಊಹೆ ಬರೆದುಕೊಳ್ಳಿ.

'ಕೊನೆಗೌಡ' ಬಂದ, ಹತ್ತಿದ, ಕಡಿದ. ಮನುಷ್ಯ. ಕೊನೆಯಲ್ಲಿ ಬಂದ ಗೌಡ ಅಂತ ಒಡೆದಿದ್ದರೆ ಬಲೆಗೆ ಬಿದ್ದಿರಿ, ಅವನು ಬೆಳಗಾಗುವ ಮೊದಲೇ ಬಂದಿದ್ದಾನೆ! ಇಲ್ಲಿ ಕೊನೆ ಅಂದರೆ ಅಡಕೆ ಗೊಂಚಲು, ಅದನ್ನು ಕೊಯ್ಯುವವನು ಕೊನೆಗೌಡ. 'ತಳೆ' ಕಾಲಿಗೆ ಸಿಕ್ಕಿಸುವಂಥದ್ದು, ಹತ್ತುವ ಮೊದಲು. ಆಭರಣ ಅಂತ ಒಂದು ಗಳಿಗೆ ಅನ್ನಿಸಿದರೂ ಮುಂದಿನ ಮಾತು ಅದನ್ನು ಕಳಚುತ್ತದೆ. ಜಾರದಂತೆ ಎರಡು ಪಾದಕ್ಕೂ ಸೇರಿಸಿ ಹಾಕಿಕೊಳ್ಳುವ ಬಳ್ಳಿಯ ಅಥವಾ ಹಗ್ಗದ ಬಳೆ ಅದು. 'ಚೊಗರು' ಅಡಕೆ ಬೆಂದ ಕೆಂಪು ನೀರು. ಅದನ್ನು ಇಟ್ಟುಕೊಂಡು ಮುಂದಿನ ಅಡಕೆಗೆ ಬಣ್ಣ ಹಿಡಿಸುತ್ತಾರೆ. ಅಡಕೆ ತೋಟ ಕಂಡೇ ಇರದವರು 'ಬಣ್ಣದ ನೀರು' ಅಂತ ಬರೆದುಕೊಂಡಿದ್ದರೆ ಪೂರ್ತಿ ಅಂಕ ಕೊಟ್ಟುಕೊಳ್ಳಿ.